ಬಾವಿ ಓಣಿಯ ಅಳುಬುರುಕಿ

ಗಿಡಗಳು ಅಳುತ್ತವೆ ಎಂಬುದನ್ನು ಹಿರೇಬಾವಿ ಪಟ್ಟಣದ ಹೆಂಗಸರು ಯಾವ ವಿಜ್ಞಾನಿಯೂ ಹೇಳುವ ಮೊದಲೇ ನಂಬಿದ್ದರು. ಆದರೆ ಗಿಡ ಅತ್ತರೆ ನಳದಲ್ಲಿ ನೀರು ಬರುತ್ತದೆ ಎಂದಾಗ ಅವರೂ ನಕ್ಕುಬಿಟ್ಟಿದ್ದರು. ಮನುಷ್ಯರು ಗೋಳಾಡಿದರೂ ಬಾರದ ನಳ ಅದು!

ನಕ್ಕವರ ಬಾಯಿ ಮುಚ್ಚಿಸಿದ್ದು ಬಟ್ಟೆ ಕ್ಲಿಪ್ಪಿನಷ್ಟು ಗಾತ್ರದ ಒಂದು ಯಂತ್ರ. ಅದಕ್ಕೊಂದು ಉದ್ದನೆಯ ಸರ್ಕಾರಿ ಹೆಸರಿತ್ತು, ಜನ ಮಾತ್ರ 'ಕಿವಿ' ಎಂದು ಕರೆದರು. ಬೇರಿನಿಂದ ಎಲೆಗೆ ನೀರು ಏರುವ ಸಣ್ಣ ಕೊಳವೆಗಳು ಗಿಡದೊಳಗೆ ಇರುತ್ತವೆಯಷ್ಟೆ. ಬಾಯಾರಿಕೆ ಹೆಚ್ಚಾದಾಗ ಆ ಕೊಳವೆಗಳಲ್ಲಿ ಗಾಳಿಗುಳ್ಳೆ ಎದ್ದು 'ಟಕ್' ಎಂದು ಒಡೆಯುತ್ತದೆ. ಮನುಷ್ಯರ ಕಿವಿಗೆ ನಿಲುಕದ ಆ ಸದ್ದು ಈ ಕಿವಿಗೆ ಕೇಳುತ್ತದೆ. ಮನೆಗೊಂದರಂತೆ ಹಂಚಿದ್ದ ಕಿವಿಗಳೆಲ್ಲ ನೀರಿನ ಮಂಡಳಿಯ ನಿಯಂತ್ರಣ ಕೋಣೆಗೆ ಸುದ್ದಿ ಮುಟ್ಟಿಸುತ್ತಿದ್ದವು. ಅಲ್ಲಿಯ ದೊಡ್ಡ ಫಲಕದ ಮೇಲೆ ಮನೆಗೊಂದು ದೀಪ. ಗಿಡ ಸುಮ್ಮನಿದ್ದರೆ ಹಸಿರು, ಅಳತೊಡಗಿದರೆ ಹಳದಿ, ಅಳು ಮಿತಿಮೀರಿದರೆ ಕೆಂಪು. ಕೆಂಪಾದ ಮನೆಯ ಹಿತ್ತಲಿಗೆ ಹೂದೋಟದ ನಳ ತಾನಾಗಿ ಬಿಟ್ಟುಕೊಂಡು ಒಂದು ಪಾಲು ನೀರು ಸುರಿಸಿ ನಿಲ್ಲುತ್ತಿತ್ತು. ಊರಿನ ಬಚ್ಚಲ ನೀರನ್ನೇ ಸೋಸಿ ಮಾಡಿದ ನೀರಾದರೂ ಆ ಕಾಲದ ಬೇಸಿಗೆಯಲ್ಲಿ ಅದೇ ಪನ್ನೀರು. ಹೊತ್ತು ಏರುವ ಮುಂಚೆ ಸೈರನ್ ಕೂಗುತ್ತಿತ್ತು, ಆಮೇಲೆ ಸಂಜೆಯವರೆಗೆ ಬೀದಿಯಲ್ಲಿ ನಾಯಿಯೂ ಇರುತ್ತಿರಲಿಲ್ಲ. ಅಂಥ ಬಿಸಿಲಿನಲ್ಲಿ ಹೂ ಬೆಳೆಯುವುದೆಂದರೆ ಹುಡುಗಾಟವಲ್ಲ.

ಆ ಫಲಕದ ಮುಂದೆ ಕೂರುವವಳು ಕಸ್ತೂರಿ. ನಿಯಮವೆಂದರೆ ನಿಯಮ ಎನ್ನುವ ಜಾತಿಯ ಹೆಂಗಸು. ತನ್ನ ಮನೆಯ ಕಿವಿಯನ್ನು ತನ್ನ ಕೈಯಾರೆ ಹಿತ್ತಲ ಮೂಲೆಯ ಗುಲಾಬಿಗೆ ಸಿಕ್ಕಿಸಿದ್ದಳು. ಗುಲಾಬಿ ಅವಳದು, ಅದಕ್ಕೆ ನೀರು ಹಾಕುವವಳೂ ಅವಳೇ. ಮಿಕ್ಕ ಹಿತ್ತಲೆಲ್ಲ ಅತ್ತೆ ಗೌರಾಬಾಯಿಯ ಸಾಮ್ರಾಜ್ಯ. ಗೋಡೆಗುಂಟ ದುಂಡುಮಲ್ಲಿಗೆ, ಬಚ್ಚಲ ಪಕ್ಕ ದಾಸವಾಳ, ಬಾಗಿಲೆದುರು ಅಬ್ಬಲಿಗೆ. ಬೆಳಕು ಹರಿಯುವ ಮುಂಚೆ ಎದ್ದು ಬುಡಕ್ಕೆ ಒಣಹುಲ್ಲು ಹೊದಿಸುವುದು, ಹಳೆ ಸೀರೆಗಳನ್ನು ಕಟ್ಟಿ ನೆರಳು ಮಾಡುವುದು, ಅಕ್ಕಿ ತೊಳೆದ ನೀರನ್ನು ಸರದಿಯಂತೆ ಹಂಚುವುದು ಅವಳ ದಿನಚರಿ.

ಈ ಬೇಸಿಗೆಯಲ್ಲಿ ಗೌರಾಬಾಯಿಗೆ ಇನ್ನೊಂದು ಹೊಣೆಯೂ ಇತ್ತು. ಪಕ್ಕದ ಮನೆಯ ಖಾಜಾಬಿಯ ಮೊಮ್ಮಗ ಇರ್ಫಾನನ ನಿಕಾಹ್ ಗೊತ್ತಾಗಿತ್ತು. ಮದುಮಗನ ಮುಖದ ಮೇಲೆ ಇಳಿಬಿಡುವ ಮಲ್ಲಿಗೆಯ ಸೇರಾ ತನ್ನ ಹಿತ್ತಲಿನ ಹೂವಿನಿಂದಲೇ ಆಗಬೇಕೆಂದು ಗೌರಾಬಾಯಿ ತಾನಾಗಿಯೇ ಮಾತು ಕೊಟ್ಟಿದ್ದಳು. ಪೇಟೆಯಲ್ಲಿ ಆಗ ಪ್ಲಾಸ್ಟಿಕ್ ಹೂವಲ್ಲದೆ ಬೇರೆ ಸಿಗುತ್ತಿರಲಿಲ್ಲ.

"ಇರ್ಫಾನ ನನ್ನ ತೊಡಿ ಮ್ಯಾಲೆ ಬೆಳದಾಂವ," ಎಂದಿದ್ದಳು ಗೌರಾಬಾಯಿ. "ಅಂವಾ ಪ್ಲಾಸ್ಟಿಕ್ ಹೂ ಕಟಗೊಂಡು ಕುಂಡ್ರೂದ ನೋಡಾಕ ನನ್ನ ಕಣ್ಣ ಇರಬಾರದು."

ಒಂದು ಮಧ್ಯಾಹ್ನ ಕಸ್ತೂರಿ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದಳು. ಗಿಡಗಳ ಸದ್ದನ್ನು ಮನುಷ್ಯರಿಗೆ ಕೇಳುವಂತೆ ಇಳಿಸಿ ಕೊಡುವ ಏರ್ಪಾಡು ಅಲ್ಲಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲವೂ ಒಂದೇ ಟಕಟಕ ಎನಿಸಿದ್ದರೂ ಈಗ ಅವಳಿಗೆ ಒಂದೊಂದರ ಲಯ ತಿಳಿಯುತ್ತಿತ್ತು. ಕೊಳವೆಯ ಅಗಲ ಗಿಡದಿಂದ ಗಿಡಕ್ಕೆ ಬೇರೆ, ಹಾಗಾಗಿ ಅಳುವ ರೀತಿಯೂ ಬೇರೆ. ಬಾವಿ ಓಣಿಯ ಒಂದು ಮನೆ ಕೆಂಪಾಗಿತ್ತು. ಟಕ್, ಸ್ವಲ್ಪ ತಡೆದು ಟಕ್‌ಟಕ್, ಆಮೇಲೆ ಎದೆ ಬಡಿದುಕೊಂಡ ಹಾಗೆ ಒಂದೇ ಸಮನೆ. ಈ ಅಳು ನಿನ್ನೆಯೂ ಕೇಳಿತ್ತು, ಆದರೆ ನಿನ್ನೆ ಕೇಳಿದ್ದು ಆಚೆ ಮನೆಯಿಂದ. ಮೊನ್ನೆ ಅದರಾಚೆಯ ಮನೆಯಿಂದ.

ಹಿಂದಿನ ಧ್ವನಿಗಳನ್ನೆಲ್ಲ ತೆಗೆಸಿ ಕೇಳಿದಳು. ಸಂಶಯವೇ ಇರಲಿಲ್ಲ. ಒಂದೇ ಗಿಡ ಓಣಿ ತುಂಬ ಮನೆಮನೆಗೆ ಹೋಗಿ ಅತ್ತು ಬರುತ್ತಿತ್ತು.

ಹಿಂದಿನಿಂದ ಮೇಲಧಿಕಾರಿ ಪಟ್ಟಣಶೆಟ್ಟಿಯವರ ದನಿ ಬಂತು. "ಏನ್ರೀ ಕಸ್ತೂರಿಯವರ, ಬಾವಿ ಓಣ್ಯಾಗ ದಿನಾ ಯಾರರೆ ಒಬ್ರು ಕೆಂಪ ಆಗೇ ಆಗ್ತಾರ. ಅಲ್ಲಿ ಗಿಡಕ್ಕೇನು ಕಾಲ ಬಂದಾವೇನ್ರಿ?"

"ನೋಡ್ತೀನ್ರಿ ಸರ್," ಎಂದಳು ಕಸ್ತೂರಿ. ತಿರುಗಿ ಅವರ ಮುಖ ನೋಡಲಿಲ್ಲ. ಯಾಕೆಂದರೆ ಆ ಅಳು ಮೊದಲು ಕೇಳಿಸಿದ್ದು ಎಲ್ಲಿಂದ ಎಂಬುದನ್ನೂ ಅವಳು ನೋಡಿಯಾಗಿತ್ತು. ಅದು ಅವಳದೇ ಮನೆ.

ಸಂಜೆ ಓಣಿಯ ತಿರುವಿನಲ್ಲಿ ಖಾಜಾಬಿ ಎದುರಾದಳು. ಸೆರಗಿನ ಕೆಳಗೆ ಏನನ್ನೋ ಮುಚ್ಚಿಕೊಂಡು ಗೋಡೆಗುಂಟ ಸರಸರ ಹೊರಟಿದ್ದಳು.

"ಚಾಚಿ, ಸೆರಗಿನ್ಯಾಗ ಏನೈತಿ?"

"ಏನಿಲ್ಲ ಯವ್ವಾ. ನಿಮ್ಮತ್ತಿ ಹೆಪ್ಪ ಕೊಟ್ಟಾರ."

ಹೆಪ್ಪಿಗೆ ಎಲೆ ಇರುವುದನ್ನು ಕಸ್ತೂರಿ ಅಲ್ಲಿಯವರೆಗೆ ಕಂಡಿರಲಿಲ್ಲ. ಸೆರಗಿನ ಅಂಚಿನಿಂದ ಕರ್ಣಕುಂಡಲದ ಎಲೆಗಳು ಜೋಲು ಮೋರೆ ಹಾಕಿಕೊಂಡು ಇಣುಕುತ್ತಿದ್ದವು. ಕರ್ಣಕುಂಡಲ ಮಳೆಗಾಲದ ಗಿಡ. ಮೈಯೆಲ್ಲ ನೀರು, ನೆರಳು ತಪ್ಪಿ ಸ್ವಲ್ಪ ಹೊತ್ತಾದರೆ ತಲೆ ಚೆಲ್ಲುತ್ತದೆ, ಒಂದು ಲೋಟ ನೀರು ಕಂಡರೆ ಏನೂ ಆಗದವರ ಹಾಗೆ ಎದ್ದು ಕೂರುತ್ತದೆ. ಅದನ್ನು ಸಾಯದಂತೆ ಒಣಗಿಸುವ ಹದ ಓಣಿಯಲ್ಲಿ ಗೌರಾಬಾಯಿಯೊಬ್ಬಳಿಗೆ ಕೂಡಿಬಂದಿತ್ತು. ಅವರಿವರು ತಮ್ಮ ತಮ್ಮ ಗಿಡಗಳನ್ನು ಒಣಗಿಸಿ ಕೊಂದುಕೊಂಡ ಮೇಲೆ, ಉಳಿದ ಈ ಒಂದೇ ಕುಂಡ ಮನೆಯಿಂದ ಮನೆಗೆ ಕಡ ಹೋಗತೊಡಗಿತ್ತು. ಅದು ಹೋದ ಮನೆಯವರು ಅಂದು ತಮ್ಮ ಕಿವಿಯನ್ನು ಅದಕ್ಕೇ ಸಿಕ್ಕಿಸುತ್ತಿದ್ದರು. ಓಣಿಯವರು ಅದಕ್ಕೆ ಇಟ್ಟ ಹೆಸರು ಅಳುಬುರುಕಿ.

ಮನೆಗೆ ಬಂದವಳೇ ಕಸ್ತೂರಿ ಅಡುಗೆಮನೆ ಬಾಗಿಲಲ್ಲಿ ನಿಂತಳು. "ಅತ್ತಿ, ಇದು ಕಳವಲ್ಲೇನ್ರಿ?"

ಗೌರಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕಳವು ಹೆಂಗಾತು? ಅದೇನು ಸುಳ್ಳ ಅಳತೈತೇನು? ಖರೇನ ಅಳತೈತಿ. ನಿಮ್ಮ ಕಿವಿ ಕೇಳತೈತಿ, ನಿಮ್ಮ ನಳ ಬಿಡತೈತಿ. ನಡುವ ನಮ್ಮದೇನೈತಿ?"

"ಒಂದ ಗಿಡ ಓಣಿ ತುಂಬ ಅಳತೈತಲ್ರಿ!"

"ಕರದವರ ಮನಿಗೆ ಹೋಗಿ ಅಳತೈತಿ. ಅದರ ದೊಡ್ಡ ಗುಣ."

ಕಸ್ತೂರಿಗೆ ನಗು ಬಂದಿತ್ತು, ಸಿಟ್ಟೂ ಬಂದಿತ್ತು. ಸಿಟ್ಟೇ ಗೆದ್ದಿತು. ಅದಕ್ಕೆ ಕಾರಣವೂ ಇತ್ತು. ಕೊಳವೆಯ ತುದಿಯಲ್ಲಿರುವ ಓಣಿಯ ಹೆಂಗಸೊಬ್ಬಳು ಅಂದು ಬೆಳಿಗ್ಗೆ ಫೋನು ಮಾಡಿ, ತನ್ನ ಸೇವಂತಿಗೆ ಸಸಿಗಳಿಗೆ ಸರದಿ ಬರುವಷ್ಟರಲ್ಲಿ ನೀರೇ ಮುಗಿದಿರುತ್ತದೆ ಎಂದು ಬಿಕ್ಕಿದ್ದಳು. ಇಲ್ಲಿ ಸುರಿದ ಹೆಚ್ಚಿನ ನೀರು ಅಲ್ಲಿಂದಲೇ ಬಂದದ್ದಲ್ಲವೆ? ಇರುವ ನೀರು ಅಷ್ಟೇ.

ಮರುದಿನ ಅವಳು ಪಟ್ಟಣಶೆಟ್ಟಿಯವರಿಗೆ ಎಲ್ಲವನ್ನೂ ಹೇಳಿಬಿಟ್ಟಳು, ಗಿಡ ಯಾರ ಮನೆಯದು ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕೆಟ್ಟ ಮನುಷ್ಯರಲ್ಲ.

"ಒಂದ ಮನಿ ಆಗಿದ್ರ ಬುದ್ಧಿ ಹೇಳಿ ಬಿಡಬಹುದಿತ್ತು," ಎಂದರು. "ಇಡೀ ಓಣಿ ಕೂಡೈತಿ. ಮಳಿಗಾಲದ ತನಕ ಬಾವಿ ಓಣಿಯ ಹೂದೋಟದ ಲೈನ್ ಬಂದ್ ಮಾಡ್ರಿ. ಕಿವಿ ಇರಲಿ, ನೀರು ಬ್ಯಾಡ."

ಗುಂಡಿ ಒತ್ತಿದ್ದು ಕಸ್ತೂರಿಯೇ. ಒತ್ತುವಾಗ ಅವಳಿಗೆ ಕಂಡದ್ದು ಗೋಡೆಗುಂಟದ ಆ ಮಲ್ಲಿಗೆ ಮತ್ತು ಇರ್ಫಾನನ ಸೇರಾ.

ಓಣಿಯಲ್ಲಿ ಜಗಳ ಆಗಿದ್ದರೆ ಚೆನ್ನಾಗಿತ್ತು. ಯಾರೂ ಒಂದು ಬಿರುಸು ಮಾತು ಆಡಲಿಲ್ಲ. ಖಾಜಾಬಿಯಂತೂ ಎದುರು ಸಿಕ್ಕಾಗ "ನೌಕರಿ ಅಂದ್ರ ನೌಕರಿ ಯವ್ವಾ, ನೀ ಏನ್ ಮಾಡ್ತಿ" ಎಂದು ಬೆನ್ನು ಸವರಿ ಹೋದಳು. ಬೈದಿದ್ದರೆ ಕಸ್ತೂರಿಗೆ ಅಷ್ಟು ಉರಿಯುತ್ತಿರಲಿಲ್ಲ. ಗೌರಾಬಾಯಿ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಡಿಸುತ್ತಿದ್ದಳು, ರೊಟ್ಟಿಯ ಮೇಲೆ ಬೆಣ್ಣೆಯನ್ನೂ ಹಾಕುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ. ಕಸ್ತೂರಿಯ ಗಂಡ ಶಿವಯೋಗಿ, ಬಸ್ ಡಿಪೋದ ಮೆಕ್ಯಾನಿಕ್, ಇಬ್ಬರ ನಡುವೆ ಕುಳಿತು ತಟ್ಟೆ ನೋಡಿಕೊಂಡು ಉಣ್ಣುವುದನ್ನು ಕಲಿತ.

ಕಸ್ತೂರಿ ಹಿತ್ತಲಿಗೆ ಹೋಗುವುದನ್ನೇ ಬಿಟ್ಟಳು. ಓಣಿಯ ಗಿಡಗಳೆಲ್ಲ ಒಣಗುತ್ತಿರುವಾಗ ತನ್ನ ಗುಲಾಬಿಗೆ ಮಾತ್ರ ಲೋಟ ಹಿಡಿದುಕೊಂಡು ಹೋಗಲು ಮುಖವಿರಲಿಲ್ಲ. ಬಿಸಿಲೇರುವ ಮುಂಚೆ ಮುಂಬಾಗಿಲಿನಿಂದ ಹೊರಟು, ಕತ್ತಲಾದ ಮೇಲೆ ಅದೇ ಬಾಗಿಲಿನಿಂದ ಒಳಗೆ ಬರುತ್ತಿದ್ದಳು.

ಅಷ್ಟರಲ್ಲಿ ಬೇಸಿಗೆ ತನ್ನ ನಿಜವಾದ ಮುಖ ತೋರಿಸಿತು. ಬೆಳಿಗ್ಗೆ ಅಂಬಲಿ ಕುಡಿಯುವ ಹೊತ್ತಿಗೇ ಸೈರನ್ ಕೂಗತೊಡಗಿತು. ಜನ ಸ್ನಾನದ ನೀರನ್ನೇ ಕಡಿಮೆ ಮಾಡಿದ್ದರಿಂದ ಸೋಸಲು ಬಚ್ಚಲ ನೀರೂ ಸಾಲದಾಯಿತು. ಕೊನೆಗೆ ಮಂಡಳಿ ಊರಿನ ಎಲ್ಲ ಹೂದೋಟದ ಲೈನುಗಳನ್ನೂ ನಿಲ್ಲಿಸಬೇಕಾಯಿತು. ಫಲಕ ಒಂದು ಕಡೆಯಿಂದ ಕೆಂಪಾಗುತ್ತ ಹೋಯಿತು. ಹೆಡ್‌ಫೋನ್ ಹಾಕಿದರೆ ಇಡೀ ಊರು ಟಕಟಕ ಅಳುವುದು ಕೇಳಿಸುತ್ತಿತ್ತು. ಕಸ್ತೂರಿ ಅದನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು.

ಆಗ ಕಣ್ಣಿಗೆ ಬಿದ್ದದ್ದು ಬಾವಿ ಓಣಿ. ಅಷ್ಟೂ ಕೆಂಪಿನ ನಡುವೆ ಅದೊಂದೇ ಹಸಿರಾಗಿತ್ತು.

ಹಸಿರು ಕಂಡು ಅವಳಿಗೆ ಸಂತೋಷವಾಗಲಿಲ್ಲ. ಆ ಯಂತ್ರದಲ್ಲಿ ಹಸಿರು ಎಂದರೆ ಸದ್ದಿಲ್ಲ ಎಂದಷ್ಟೇ ಅರ್ಥ. ಹೊಟ್ಟೆತುಂಬ ನೀರು ಕುಡಿದ ಗಿಡವೂ ಸುಮ್ಮನಿರುತ್ತದೆ, ಸತ್ತ ಗಿಡವೂ ಸುಮ್ಮನಿರುತ್ತದೆ. ಬಾವಿ ಓಣಿಗೆ ನೀರು ನಿಂತು ಬಹಳ ದಿನವಾಗಿತ್ತು. ಅಲ್ಲಿ ಅಳಲಿಕ್ಕೆ ಯಾವ ಗಿಡವೂ ಉಳಿದಿಲ್ಲವೆಂದು ಅವಳಿಗೆ ಖಾತ್ರಿಯಾಗಿಹೋಯಿತು.

ಸಂಜೆಯ ಸೈರನ್ ಕೂಗುವುದನ್ನೇ ಕಾದು ಮನೆಗೆ ಓಡಿಬಂದಳು. ಇನ್ನೂ ಬೆಳಕಿತ್ತು. ಚಪ್ಪಲಿ ಬಿಡುವುದನ್ನೂ ಮರೆತು ನೇರವಾಗಿ ಹಿತ್ತಲ ಬಾಗಿಲು ತೆಗೆದಳು.

ಮೊದಲು ಕಂಡದ್ದು ಅವಳ ಗುಲಾಬಿ. ಸುಟ್ಟು ಕರಕಾಗಿತ್ತು. ಮುಟ್ಟಿದರೆ ಎಲೆ ಹಪ್ಪಳದಂತೆ ಪುಡಿಯಾಯಿತು. ಕಸ್ತೂರಿ ಕಣ್ಣು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ, ಆಮೇಲೆ ಧೈರ್ಯ ಮಾಡಿ ಕಣ್ಣು ತೆರೆದಳು.

ಮಲ್ಲಿಗೆ ಇತ್ತು. ಎಲೆಗಳು ದೊನ್ನೆಯ ಹಾಗೆ ಒಳಮಡಚಿಕೊಂಡು ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗಿದ್ದವು, ಅಷ್ಟೇ. ಹಿಂದೆ ಗುಲಾಬಿಯ ಮೇಲಿದ್ದ ಕಿವಿಯನ್ನು ಗೌರಾಬಾಯಿ ಈಗ ಅದರ ಕಾಂಡಕ್ಕೆ ಸಿಕ್ಕಿಸಿದ್ದಳು. ಕಸ್ತೂರಿ ಒಂದು ಕಡ್ಡಿಯನ್ನು ಉಗುರಿನಿಂದ ಗೀರಿದಳು. ಒಳಗೆ ಹಸಿರು ಹಸಿ ಇತ್ತು. ದಾಸವಾಳಕ್ಕೆ ಹೋಗಿ ಗೀರಿದಳು, ಅಬ್ಬಲಿಗೆಗೆ ಹೋಗಿ ಗೀರಿದಳು. ಎಲ್ಲವೂ ಬದುಕಿದ್ದವು! ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತವಳಿಗೆ ಇಷ್ಟು ದಿನ ತಡೆದಿದ್ದ ಅಳುವೆಲ್ಲ ಒಮ್ಮೆಲೇ ಬಂತು. ಮಗುವಿನ ಹಾಗೆ ಜೋರಾಗಿ ಅತ್ತಳು.

ಬಾಗಿಲಲ್ಲಿ ಗೌರಾಬಾಯಿ ಬಂದು ನಿಂತಿದ್ದಳು.

"ಈಗ್ಯಾರು ಅಳ್ಳಾಕತ್ತಾರ?" ಎಂದಳು. "ನಳ ಬಿಡಸ್ಲೇನು?"

ಅಷ್ಟು ದಿನಗಳ ಮೇಲೆ ಅತ್ತೆ ಆಡಿದ ಮೊದಲ ಮಾತು ಅದು. ಕಸ್ತೂರಿ ಅಳುತ್ತಲೇ ನಕ್ಕಳು, ನಗುತ್ತಲೇ ಮೂಗು ಒರೆಸಿಕೊಂಡಳು. "ಅತ್ತಿ, ಇವಕ್ಕೇನು ಮಾಡೀರಿ? ಹೆಂಗ ಉಳದಾವು?"

"ನಾ ಏನ್ ಮಾಡ್ಲಿ? ದಿನಾ ಬೆಳಕ ಹರಿಯೂದಕ ಬಂದು ನೋಡ್ತೀನಿ, ಇವತ್ತ ಸಾಯ್ತಾವು ಅಂತ. ಸಾಯವಲ್ಲವು. ನನಗೂ ತಿಳೀವಲ್ದು ಯವ್ವಾ."

"ನನ್ನ ಗುಲಾಬಿ ಯಾಕ ಸತ್ತಿತು ಹಂಗಾರ? ಅದೂ ಇದ ಹಿತ್ತಲದಾಗ ಐತಿ."

"ಅದರ ತಂಟಿಗೆ ಬರಬ್ಯಾಡ್ರಿ ಅಂತ ನೀನ ಹೇಳೀದಿ. ನಾ ಅದಕ್ಕೇನೂ ಹಾಕಿಲ್ಲ. ಕಾಲ ತೊಳದ ನೀರ ಸೈತ ಹಾಕಿಲ್ಲ."

"ಯಾರ ಕಾಲ ತೊಳದ ನೀರು?"

ಗೌರಾಬಾಯಿ ಸ್ವಲ್ಪ ನಾಚಿಕೊಂಡು ಹೇಳಿದಳು. ಅಳುಬುರುಕಿ ಯಾವ ಮನೆಗೆ ಹೋದರೂ, ಅದು ಅತ್ತು ನಳ ಬಂದ ಕೂಡಲೇ ಮೊದಲ ನೀರು ಅದಕ್ಕೇ. ಪಾಪ, ದುಡಿದದ್ದು ಅದಲ್ಲವೆ. ಕುಂಡದ ಕೆಳಗೆ ಪರಾತ ಇಟ್ಟು ತುಂಬ ನೀರು ಹಾಕುತ್ತಿದ್ದರು. ತೂತಿನಿಂದ ಇಳಿದು ಪರಾತದಲ್ಲಿ ನಿಂತ ನೀರನ್ನು ಚೆಲ್ಲುವುದುಂಟೆ? ಬೇಸಿಗೆಯಲ್ಲಿ ಹನಿ ನೀರು ಚೆಲ್ಲಿದವಳನ್ನು ಓಣಿ ಸುಮ್ಮನೆ ಬಿಡುತ್ತದೆಯೆ? ಅದನ್ನು ಮನೆಯ ಮಿಕ್ಕ ಗಿಡಗಳ ಬುಡಕ್ಕೆ ಒಂದೊಂದು ಬೊಗಸೆಯಂತೆ ಹಾಕುತ್ತಿದ್ದರು. ಅದಕ್ಕೆ ಓಣಿಯವರು ಅಳುಬುರುಕಿಯ ಕಾಲು ತೊಳೆದ ನೀರು ಎನ್ನುತ್ತಿದ್ದರು.

ಕಸ್ತೂರಿ ಕಲ್ಲಿನಿಂದ ಎದ್ದು ನಿಂತಳು. ಬಚ್ಚಲ ಮೂಲೆಯಲ್ಲಿ ಅಳುಬುರುಕಿ, ಮೂರು ಎಲೆ ಮತ್ತು ಒಂದು ಕಾಂಡ ಉಳಿಸಿಕೊಂಡು, ಅವರಿವರು ಕೈ ತೊಳೆದ ನೀರಿನಲ್ಲಿ ಜೀವ ಹಿಡಿದುಕೊಂಡಿತ್ತು.

ಮಾರನೆಯ ದಿನ ಅವಳು ಒಂದು ಬಾಟಲಿಯಲ್ಲಿ ಅಳುಬುರುಕಿಯ ಕಾಲು ತೊಳೆದ ನೀರನ್ನು ಹಿಡಿದುಕೊಂಡು ಹೋಗಿ ಮಂಡಳಿಯ ಪರೀಕ್ಷಾ ಕೋಣೆ ಸೇರಿದಳು. ಒಂದೇ ಬಗೆಯ ಎರಡು ಚೆಂಡು ಹೂವಿನ ಸಸಿಗಳಲ್ಲಿ ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ಅಳುಬುರುಕಿಯ ನೀರು ಹಾಕಿ ಬಿಸಿಲಿಗಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಬರೀ ನೀರಿನದು ಅಳತೊಡಗಿತು. ಇನ್ನೊಂದು ಸುಮ್ಮನಿತ್ತು. ಎಲೆ ಕಿತ್ತು ಸೂಕ್ಷ್ಮದರ್ಶಕದಡಿ ಹಿಡಿದಾಗ ಗುಟ್ಟು ತಿಳಿಯಿತು. ಎಲೆಯ ಕೆಳಮೈಯಲ್ಲಿ ಗಿಡ ಉಸಿರಾಡುವ ಸಣ್ಣ ಬಾಯಿಗಳಿರುತ್ತವೆ, ನೀರು ಆವಿಯಾಗಿ ಹೋಗುವುದೂ ಅಲ್ಲಿಂದಲೇ. ಬರೀ ನೀರು ಕುಡಿದ ಸಸಿಯ ಬಾಯಿಗಳು ಅಗಲವಾಗಿ ತೆರೆದಿದ್ದವು. ಇನ್ನೊಂದರವು ಹೆಚ್ಚುಕಡಿಮೆ ಮುಚ್ಚಿಕೊಂಡಿದ್ದವು.

ಪಟ್ಟಣಶೆಟ್ಟಿಯವರನ್ನು ಕರೆದು ತೋರಿಸಿದಳು. "ಬಾಯಾರಿದ ಗಿಡ ಬರೇ ಅಳೂದಿಲ್ರಿ ಸರ್. ಬೇರಿನಿಂದ ಏನೋ ಒಂದು ರಸ ಬಿಡತೈತಿ. ಬರಗಾಲ ಬರಾಕತ್ತೈತಿ ಅಂತ ಆಜೂಬಾಜೂದವ್ರಿಗೆ ಹೇಳಿದಂಗ. ಅದನ್ನ ಕುಡದ ಗಿಡ ಮೊದಲ ಬಾಯಿ ಮುಚಗೊಂಡು ಇದ್ದ ನೀರ ಕಾಯ್ದುಕೊಳ್ತೈತಿ. ನಮ್ಮ ಓಣ್ಯಾಗ ಆ ಸುದ್ದಿ ಮನಿಮನಿ ಗಿಡಕ್ಕೂ ಮುಟ್ಟೈತಿ. ಬ್ಯಾರೆ ಕಡೆ ದಿನಾ ಹೊತ್ತಿಗೆ ಸರಿ ನೀರ ಕುಡದ ಗಿಡಗೋಳಿಗೆ ಯಾರೂ ಸುದ್ದಿ ಮುಟ್ಟಿಸಿಲ್ಲ."

"ಅಂದ್ರ ನಿಮ್ಮ ಓಣಿಯವ್ರು ಮಾಡಿದ ಮೋಸ ಅವಕ್ಕ ಪಾಠ ಆತು ಅಂತೀರಿ."

"ಮೋಸ ಮೋಸನ ರೀ. ಆದ್ರ ಪಾಠ ಆಗೈತಿ."

ಅವರು ಮತ್ತೆ ಕನ್ನಡಕ ತೆಗೆದರು. "ನಮ್ಮ ಮನ್ಯಾಗಿನ ಮಲ್ಲಿಗಿ ಬಳ್ಳಿ ಸುಟ್ಟ ಹೋತ್ರಿ. ನಮ್ಮನಿಯವ್ರು ನನ್ನ ಜೋಡಿ ಮಾತ ಬಿಟ್ಟಾರ."

"ನಮ್ಮನ್ಯಾಗೂ ಅದ ಕಥಿ ಇತ್ರಿ ಸರ್, ನಿನ್ನೆ ತನಕ."

ಆ ಸಂಜೆ ಪಟ್ಟಣಶೆಟ್ಟಿಯವರು ತಾವೇ ಬಾವಿ ಓಣಿಗೆ ಬಂದರು. ಅಧಿಕಾರಿ ಬಂದರೆಂದು ಖಾಜಾಬಿ ಹೆದರಿ ಅಳುಬುರುಕಿಯನ್ನು ಮತ್ತೆ ಸೆರಗಿನೊಳಗೆ ಮುಚ್ಚಿಕೊಂಡು ನಿಂತಳು.

"ತೋರಸ್ರೀ ಅಮ್ಮಾರ, ಅದನ್ನ ನೋಡಾಕ ಬಂದೀನಿ," ಎಂದರು ಅವರು. ಮುಂದೆ ಕುಳಿತು ಆ ಮೂರು ಎಲೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಮನೆಗೆ ಒಯ್ಯಲು ಸ್ವಲ್ಪ ಕಾಲು ತೊಳೆದ ನೀರು ಸಿಗಬಹುದೇ ಎಂದು ಸಣ್ಣ ದನಿಯಲ್ಲಿ ಕೇಳಿದರು. ಬಳ್ಳಿಯ ಬೇರಿನಲ್ಲಿ ಇನ್ನೂ ಜೀವ ಇದ್ದರೂ ಇರಬಹುದು ಎಂಬ ಆಸೆ.

ಆ ವಾರದಲ್ಲೇ ಊರಿನ ಲೆಕ್ಕಾಚಾರವೆಲ್ಲ ಬದಲಾಯಿತು. ಓಣಿಗೊಂದು ಕಟ್ಟೆಯ ಮೇಲೆ, ಮಂಡಳಿಯವರು ಹೊರಗಿನಿಂದ ತರಿಸಿದ ಕರ್ಣಕುಂಡಲದ ಕುಂಡಗಳನ್ನು ಸಾಲಾಗಿ ಇಟ್ಟರು. ಸರದಿಯ ಮೇಲೆ ಒಂದೊಂದು ಬಾಯಾರುವುದು, ಅದರ ನೀರು ಓಣಿಯ ಗಿಡಗಳಿಗೆಲ್ಲ ಸುದ್ದಿ ಮುಟ್ಟಿಸುವುದು. ಸುದ್ದಿ ತಿಳಿದ ಗಿಡಗಳಿಗೆ ಮೊದಲಿನ ಅರ್ಧ ನೀರೂ ಬೇಕಾಗಲಿಲ್ಲ. ಹಾಗಾಗಿ ನಿಲ್ಲಿಸಿದ್ದ ಲೈನುಗಳನ್ನು ಇದ್ದಷ್ಟು ನೀರಿನಲ್ಲೇ ಮತ್ತೆ ಬಿಡಲು ಬಂತು. ಮಿಕ್ಕ ನೀರು ಕೊಳವೆಯ ತುದಿಯವರೆಗೆ ಹೋಯಿತು. ಸೇವಂತಿಗೆಯ ಹೆಂಗಸು ಮತ್ತೆ ಫೋನು ಮಾಡಿದಳು, ಈ ಸಲ ಬಿಕ್ಕಲಿಲ್ಲ.

ಬಾವಿ ಓಣಿಯ ಲೈನನ್ನು ಬಿಟ್ಟದ್ದೂ ಕಸ್ತೂರಿಯ ಬೆರಳೇ. ದಿನಗಟ್ಟಲೆ ಒಣಗಿ ಬಿಗಿಹಿಡಿದಿದ್ದ ಮಲ್ಲಿಗೆ ನೀರು ಕಂಡದ್ದೇ ತಡ, ಗೆಣ್ಣುಗೆಣ್ಣಿಗೂ ಮೊಗ್ಗೊಡೆಯಿತು. ನಿಕಾಹಿನ ಮುಂಜಾನೆ ಗೌರಾಬಾಯಿ, ಖಾಜಾಬಿ, ಕಸ್ತೂರಿ ಮೂವರೂ ಹಿತ್ತಲಲ್ಲಿ ಕುಳಿತು ಸೇರಾ ಕಟ್ಟಿದರು. ಇರ್ಫಾನನ ಮುಖ ಕಾಣದಷ್ಟು ದಟ್ಟವಾಗಿತ್ತು ಅದು. ಅವನು ಸೇರಾದೊಳಗಿಂದಲೇ "ಅಜ್ಜಿ, ಉಸುರ ಆಡಾಕ ಬರವಲ್ದು" ಎಂದ.

"ನಮ್ಮ ಮಲ್ಲಿಗಿ ಬಾಯಿ ಮುಚಗೊಂಡ ಒಂದ ಬ್ಯಾಸಗಿ ಕಳದೈತಿ, ನೀ ಒಂದ ತಾಸ ಕಳಿ," ಎಂದಳು ಗೌರಾಬಾಯಿ. ಅಂಗಳವೆಲ್ಲ ನಕ್ಕಿತು. ಉಳಿದ ಒಂದು ಮೊಳ ಹೂವನ್ನು ಅವಳು ಏನೂ ಹೇಳದೆ ಸೊಸೆಯ ಜಡೆಗೆ ಮುಡಿಸಿದಳು. ಮುಡಿಸಿ, ತಲೆಯ ಮೇಲೆ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದಳು.

ಅಳುಬುರುಕಿ ಮಾತ್ರ ಕಟ್ಟೆಯ ಸಾಲಿಗೆ ಹೋಗಲಿಲ್ಲ. ಮಂಡಳಿಯವರು ಕೇಳಿದಾಗ ಗೌರಾಬಾಯಿ ಖಡಾಖಂಡಿತವಾಗಿ ಇಲ್ಲವೆಂದಳು. "ಅದು ಅತ್ತಿದ್ದ ಸಾಕು. ಇನ್ನ ಬ್ಯಾರೇದವ್ರು ಅಳಲಿ." ಗುಲಾಬಿ ಸತ್ತ ಜಾಗವನ್ನು ಅಗೆದು, ಕಸ್ತೂರಿಯನ್ನೇ ಕರೆದು ಅವಳ ಕೈಯಿಂದಲೇ ಅದನ್ನು ನೆಲಕ್ಕೆ ನೆಡಿಸಿದಳು. ಆಮೇಲೆ ಕಿವಿಯನ್ನು ತೆಗೆದು ಅದಕ್ಕೇ ಸಿಕ್ಕಿಸಿದಳು.

ಮೊದಲ ಮಳೆ ಬೀಳುವ ಮುಂಚೆ ಒಂದು ಮಧ್ಯಾಹ್ನ ಕಸ್ತೂರಿ ಫಲಕದ ಮುಂದೆ ಕುಳಿತಿದ್ದಳು. ತನ್ನ ಮನೆಯ ದೀಪ ಹಸಿರಾಗಿತ್ತು. ಹಸಿರನ್ನು ನಂಬದ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಬಹಳ ಹೊತ್ತು ಕೇಳಿದಳು. ಟಕ್ ಇಲ್ಲ, ಟಕ್‌ಟಕ್ ಇಲ್ಲ. ಬೆಳಿಗ್ಗೆ ಹೊರಡುವಾಗ ಆ ಗಿಡದ ಕಾಂಡದಗುಂಟ ಗುಲಾಬಿ ಬಣ್ಣದ ಮೊಗ್ಗುಗಳು ಬಂದಿದ್ದನ್ನು ಅವಳು ನೋಡಿದ್ದಳು. ಅದು ಹೂ ಬಿಟ್ಟದ್ದನ್ನು ಓಣಿಯಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ, ಹೂ ಬಿಡಲು ಅದಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ. ಕಸ್ತೂರಿ ಹೆಡ್‌ಫೋನ್ ತೆಗೆದಿಟ್ಟು ಮನೆಗೆ ಫೋನು ಮಾಡಿದಳು.

"ಅತ್ತಿ, ಅರಳೈತೇನ್ರಿ?"

"ಅರಳೈತಿ. ಸಂಜಿಕೆ ಲಗೂನ ಬಾ," ಎಂದಳು ಗೌರಾಬಾಯಿ.